ಹಾಯಿದೋಣಿಯಲ್ಲಿ ಏಳು ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಬಲ್ಲವರ ಮಾತು. ಈ ವರ್ಷ ಒಂಬತ್ತನೆಯ ತರಗತಿಯಲ್ಲಿ ‘ನಾನು ಮಾಡಬಯಸುವ ಪ್ರವಾಸ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿಸಿದೆ. ಹೆಚ್ಚಿನವರು ಮೈಸೂರು, ಊಟಿ, ಜೋಗಗಳ ಬಗ್ಗೆ ಬರೆದರು. ಒಬ್ಬ ಹುಡುಗಿ ಮಾತ್ರ, ಏಳು ದಿನ ಹಾಯಿದೋಣಿಯಲ್ಲಿ ಕಡಲ ಮೇಲೆ ಇರಬೇಕೆಂದು ಬರೆದಿದ್ದಳು. ಅದನ್ನು ಓದಿ ಹೇಳಿದಾಗ ತರಗತಿಯೇ ನಕ್ಕಿತು. “ಬೆಟ್ಟದವರಿಗೆ ಕಡಲೇಕೆ?” ಎಂದ ಒಬ್ಬ.

ಮರುವಾರ ಅವಳ ತಾಯಿ ಶಾಲೆಗೆ ಬಂದರು. “ಟೀಚರೇ, ಇವಳಿಗೆ ಇಂಥ ಆಸೆ ಹುಟ್ಟಿಸಬೇಡಿ. ಈಗೀಗ ನೀರೆಂದರೆ ನಮಗೆ ಎದೆ ನಡುಗುತ್ತದೆ” ಎಂದರು. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ನಡೆದುದನ್ನು ಬಲ್ಲವರಾರೂ ಆ ಮಾತನ್ನು ಹಗುರವಾಗಿ ಕಾಣಲಾರರು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಓದಿ, ಕೇಳಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ಬೆಟ್ಟಕ್ಕೂ ಕಡಲಿಗೂ ಇರುವ ನಂಟು

ವಯನಾಡಿನ ನೀರು ಎರಡು ದಿಕ್ಕಿಗೆ ಹರಿಯುತ್ತದೆ. ಕಬಿನಿ ಪೂರ್ವಕ್ಕೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಪ್ಪಾಡಿಯ ಕಡೆಯ ತೊರೆಗಳು ಪಶ್ಚಿಮಕ್ಕಿಳಿದು ಚಾಲಿಯಾರ್ ನದಿಯೊಡನೆ ಬೇಪೂರಿನಲ್ಲಿ ಅರಬ್ಬೀ ಸಮುದ್ರಕ್ಕೆ ಸೇರುತ್ತವೆ. ಆ ಬೇಪೂರು ‘ಉರು’ ಎಂಬ ಮರದ ದೊಡ್ಡ ಹಡಗುಗಳಿಗೆ ಹೆಸರಾದ ಊರು.

ಇನ್ನೊಂದು ಸಂಗತಿ. 1956ರ ನವೆಂಬರ್ 1ಕ್ಕೆ ಮೊದಲು ವಯನಾಡೂ, ಲಕ್ಷದ್ವೀಪ ಸಮೂಹದ ಕವರತ್ತಿ, ಆಂದ್ರೋತ್ ಮೊದಲಾದ ದ್ವೀಪಗಳೂ ಒಂದೇ ಮಲಬಾರ್ ಜಿಲ್ಲೆಯಲ್ಲಿದ್ದವು. ಅಮಿನಿ, ಕಡಮತ್, ಕಿಲ್ತಾನ್ ಮುಂತಾದವು ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರು ತೆಂಗಿನ ನಾರು, ಕೊಬ್ಬರಿಗಳನ್ನು ‘ಓಡಂ’ ಎಂಬ ಹಾಯಿದೋಣಿಯಲ್ಲಿ ಮಂಗಳೂರಿಗೆ ತಂದು ಅಕ್ಕಿ ಕೊಂಡೊಯ್ಯುತ್ತಿದ್ದರು. ನಾನು ಮಂಗಳೂರಿನಲ್ಲಿ ಶಿಕ್ಷಕ ತರಬೇತಿಯಲ್ಲಿದ್ದಾಗ ಹಳೆ ಬಂದರಿನಲ್ಲಿ ದ್ವೀಪಕ್ಕೆ ಸಾಮಾನು ಹೇರುವ ಮಂಜಿಗಳನ್ನು ನೋಡಿದ್ದೇನೆ. ಅವುಗಳಿಗೆ ಆಗಲೇ ಎಂಜಿನ್ ಬಂದಿತ್ತು. ಆದರೂ ಎಂದು ಹೊರಡುತ್ತೀರೆಂದು ಕೇಳಿದರೆ ತಾಂಡೇಲರು ಮೊದಲು ಆಕಾಶ ನೋಡಿ ಆಮೇಲೆ ಉತ್ತರ ಹೇಳುತ್ತಿದ್ದರು. ಕಡಲ ಪ್ರವಾಸದ ಮೊದಲ ಪಾಠವನ್ನು ನಾನು ಕಲಿತದ್ದು ಅಲ್ಲಿ.

ದೋಣಿ ಮತ್ತು ದೋಣಿಯವರು

ಅಂದು ಬದುಕಿಗಾಗಿ ಮಾಡುತ್ತಿದ್ದ ಪಯಣವನ್ನು ಇಂದು ಜನರು ಸಂತೋಷಕ್ಕಾಗಿಯೂ ಮಾಡುತ್ತಾರೆ. ಗ್ರೀಸ್, ತುರ್ಕಿ, ಕೆರಿಬಿಯನ್ ದ್ವೀಪಗಳಲ್ಲಿ ಹಾಯಿದೋಣಿಯನ್ನೂ ಅದನ್ನು ನಡೆಸುವವರನ್ನೂ ಒಂದು ವಾರಕ್ಕೆ ಗೊತ್ತುಮಾಡಿಕೊಳ್ಳುವ ಏರ್ಪಾಡಿದೆ. ನಮ್ಮಲ್ಲಿ ಇದಕ್ಕೆ ಸಮೀಪವಾದುದು ಆಲಪ್ಪುಳದ ಕೆಟ್ಟುವಳ್ಳಂ. ಹಿಂದೆ ಕುಟ್ಟನಾಡಿನ ಅಕ್ಕಿ ಸಾಗಿಸುತ್ತಿದ್ದ, ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ಹುರಿಯಿಂದ ಹೊಲಿದು ಕಟ್ಟಿದ ಆ ದೋಣಿ ಇಂದು ಪ್ರವಾಸಿಗಳ ತೇಲುವ ಮನೆಯಾಗಿದೆ. ಅದು ಹಿನ್ನೀರಿನಲ್ಲಿ ಚಲಿಸುತ್ತದೆ, ಹಾಯಿದೋಣಿ ಕಡಲಿಗಿಳಿಯುತ್ತದೆ.

ಇಂಥ ಪ್ರವಾಸದ ದೋಣಿ ಸಾಮಾನ್ಯವಾಗಿ 12ರಿಂದ 15 ಮೀಟರ್ ಉದ್ದವಿರುತ್ತದೆ. ಆರೆಂಟು ಮಂದಿ ಪ್ರವಾಸಿಗಳು, ಒಬ್ಬ ನಾಯಕ, ಒಬ್ಬ ಅಡುಗೆಯವರು, ದೋಣಿ ದೊಡ್ಡದಾದರೆ ಒಬ್ಬಿಬ್ಬರು ಖಲಾಸಿಗಳು. ದೋಣಿಯ ನಾಯಕನನ್ನು ನಮ್ಮ ಕರಾವಳಿಯಲ್ಲಿ ತಾಂಡೇಲ ಎನ್ನುತ್ತಾರೆ. ಹಣ ಕೊಟ್ಟವರು ನಾವಾದರೂ ಕಡಲಿನಲ್ಲಿ ನಡೆಯುವುದು ತಾಂಡೇಲನ ಮಾತು. ‘ಇಂದು ಹೊರಡುವುದಿಲ್ಲ’ ಎಂದು ಆತ ಹೇಳಿದರೆ ಯಾರೂ ವಾದಿಸಬಾರದು. ಹಗ್ಗ ಹಿಡಿಯಲು, ಚುಕ್ಕಾಣಿಯ ಬಳಿ ನಿಲ್ಲಲು ಆಸೆಯಿದ್ದವರಿಗೆ ಕಲಿಸಿಕೊಡುತ್ತಾರೆ. ಆಸೆಯಿಲ್ಲದವರು ಸುಮ್ಮನೆ ಕುಳಿತಿರಬಹುದು.

ಗಾಳಿಯ ಲೆಕ್ಕ

ಹಾಯಿದೋಣಿ ಗಾಳಿ ಬೀಸುವ ದಿಕ್ಕಿಗೆ ನೇರವಾಗಿ ಎದುರು ಹೋಗಲಾರದು. ಹಾಗೆ ಹೋಗಬೇಕಾದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಬೇಕು. ನಮ್ಮ ತಾಮರಶ್ಶೇರಿ ಘಾಟಿಯನ್ನು ನೆನೆಯಿರಿ. ಬಸ್ಸು ನೇರವಾಗಿ ಬೆಟ್ಟ ಹತ್ತದೆ ಒಂಬತ್ತು ತಿರುವುಗಳಲ್ಲಿ ಸುತ್ತಿ ಬರುವುದಿಲ್ಲವೇ? ಹಾಗೆಯೇ ಇದು.

ವೇಗವೂ ಹೆಚ್ಚಿಲ್ಲ. ಕಡಲಿನ ದೂರವನ್ನು ನಾಟಿಕಲ್ ಮೈಲಿಯಲ್ಲಿ ಅಳೆಯುತ್ತಾರೆ; ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಒಳ್ಳೆಯ ಗಾಳಿಯಿದ್ದರೆ ದೋಣಿ ಗಂಟೆಗೆ ಐದಾರು ನಾಟಿಕಲ್ ಮೈಲಿ, ಅಂದರೆ ಸುಮಾರು ಹತ್ತು ಕಿಲೋಮೀಟರ್ ಸಾಗುತ್ತದೆ. ಇದು ಸೈಕಲ್ಲಿನ ವೇಗಕ್ಕಿಂತ ಕಡಿಮೆ. ಗಾಳಿ ಬಿದ್ದರೆ ಎಂಜಿನ್ ಹಚ್ಚಬೇಕು, ಇಲ್ಲವೇ ಕಾಯಬೇಕು. ಆದುದರಿಂದ ಇಂಥ ದಿನ ಇಂಥ ಊರು ಎಂದು ಕಟ್ಟುನಿಟ್ಟಾಗಿ ಬರೆದಿಟ್ಟುಕೊಂಡು ಹೋಗುವವರಿಗೆ ನಿರಾಸೆ ಖಂಡಿತ. ಗಾಳಿ ಬಂದಾಗ ತೂರಿಕೋ ಎಂಬ ನಮ್ಮ ರೈತರ ಗಾದೆ ಹಾಯಿದೋಣಿಗೂ ಸಲ್ಲುತ್ತದೆ. ಹಿಂದಿನ ಕಾಲದ ಹಡಗುಗಳು ನೈಋತ್ಯ ಮಾರುತದೊಡನೆ ನಮ್ಮ ತೀರಕ್ಕೆ ಬಂದು, ತಿಂಗಳುಗಟ್ಟಲೆ ಕಾದು, ಈಶಾನ್ಯ ಮಾರುತದೊಡನೆ ಹಿಂದಿರುಗುತ್ತಿದ್ದವು.

ದಿನಚರಿ, ಊಟ, ನಿದ್ರೆ

ಬೆಳಗ್ಗೆ ಉಪಾಹಾರ ಮುಗಿಸಿ ಲಂಗರು ಎತ್ತುತ್ತಾರೆ. ನಾಲ್ಕಾರು ಗಂಟೆ ಪಯಣ, ನಡುವೆ ಎಲ್ಲಾದರೂ ಶಾಂತವಾದ ನೀರಿನಲ್ಲಿ ಊಟ, ಈಜು. ಸಂಜೆಗೆ ಯಾವುದಾದರೊಂದು ಬಂದರು ಅಥವಾ ಗಾಳಿಯ ಮರೆಯಿರುವ ಕೊಲ್ಲಿ. ಮಲಗುವ ಕೋಣೆ ಬಹಳ ಇಕ್ಕಟ್ಟು. ರೈಲಿನ ಮಲಗುವ ಹಲಗೆಗಿಂತ ಸ್ವಲ್ಪ ದೊಡ್ಡದೆಂದು ತಿಳಿಯಿರಿ. ಪೆಟ್ಟಿಗೆ ಇಡಲು ಸ್ಥಳವಿಲ್ಲ. ಮಡಚಿಡಬಹುದಾದ ಬಟ್ಟೆಯ ಚೀಲವೇ ಬೇಕು.

ಸುತ್ತಲೂ ನೀರಿದ್ದರೂ ಬಳಸುವ ನೀರಿಗೆ ಅಳತೆಯಿದೆ. ತೊಟ್ಟಿಯಲ್ಲಿ 400 ಲೀಟರ್ ಸಿಹಿನೀರಿದ್ದು ದೋಣಿಯಲ್ಲಿ ಹತ್ತು ಜನರಿದ್ದರೆ ತಲೆಗೆ 40 ಲೀಟರ್. ಎರಡು ದಿನ ಬಂದರು ಸಿಕ್ಕದಿದ್ದರೆ ದಿನಕ್ಕೆ 20 ಲೀಟರ್. ಸ್ನಾನ, ಮುಖ ತೊಳೆಯುವುದು, ಪಾತ್ರೆ ಬೆಳಗುವುದು ಎಲ್ಲ ಅಷ್ಟರಲ್ಲೇ. ನಲ್ಲಿ ತಿರುಗಿಸಿ ಬಿಟ್ಟು ಮಾತಾಡುತ್ತ ನಿಲ್ಲುವ ನಮ್ಮ ಹಾಸ್ಟೆಲಿನ ಮಕ್ಕಳು ಈ ಲೆಕ್ಕವನ್ನು ಮಾಡಿ ನೋಡಬೇಕು.

ಮೊದಲೆರಡು ದಿನ ಹಲವರಿಗೆ ತಲೆ ಸುತ್ತಿ ವಾಂತಿಯಾಗುತ್ತದೆ. ಘಾಟಿ ಇಳಿಯುವಾಗ ಬಸ್ಸಿನಲ್ಲಿ ಆಗುವುದೂ ಇದೇ. ಒಳಗೆ ಮಲಗದೆ ಹೊರಗೆ ಗಾಳಿಯಲ್ಲಿ ಕುಳಿತು, ದೂರದ ಬಾನಂಚನ್ನು ನೋಡುತ್ತಿರಬೇಕು; ಪುಸ್ತಕ ಓದಬಾರದು. ಮಾತ್ರೆ ಬೇಕಾದವರು ವೈದ್ಯರನ್ನು ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಹೆಚ್ಚಿನವರಿಗೆ ಮೂರನೆಯ ದಿನಕ್ಕೆ ಹೊಂದಿಕೆಯಾಗುತ್ತದೆ. ಏಳು ದಿನ ಕಳೆದು ನೆಲಕ್ಕಿಳಿದಾಗ ಮಾತ್ರ ನೆಲವೇ ತೂಗುವಂತೆ ಭಾಸವಾಗುತ್ತದಂತೆ!

ಹೆತ್ತವರಿಗೆ ಒಂದು ಮಾತು

ಆ ತಾಯಿಯ ಭಯ ಸುಳ್ಳಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ದೋಣಿ ಮಗುಚಿ 45 ಮಂದಿ ಸತ್ತರು. ಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದೇ ಬದಿಗೆ ಸರಿದುದೂ ಒಂದು ಕಾರಣವೆಂದು ಹೇಳಲಾಯಿತು. 2023ರ ಮೇ 7ರಂದು ತಾನೂರಿನಲ್ಲಿ 22 ಮಂದಿ ತೀರಿಕೊಂಡರು. ಅವರಲ್ಲಿ ಮಕ್ಕಳೇ ಹೆಚ್ಚು. ಆ ದೋಣಿ ತಾಳುವುದಕ್ಕಿಂತ ಹೆಚ್ಚು ಜನರನ್ನು ಹೇರಿಕೊಂಡಿತ್ತು. ಇವೆರಡೂ ನಡುಗಡಲಿನಲ್ಲಿ ನಡೆದವಲ್ಲ. ಒಂದು ಕೆರೆಯಂಥ ಜಲಾಶಯದಲ್ಲಿ, ಇನ್ನೊಂದು ದಡದ ಸಮೀಪದಲ್ಲಿ. ಅಂದರೆ ಅಪಾಯವಿರುವುದು ನೀರಿನ ಆಳದಲ್ಲಿ ಮಾತ್ರವಲ್ಲ, ನಮ್ಮ ಅಜಾಗರೂಕತೆಯಲ್ಲಿಯೂ ಇದೆ.

ಏಳು ದಿನದ ಹಾಯಿದೋಣಿಯೇ ಇರಲಿ, ಪೂಕೋಡು ಕೆರೆಯ ಅರ್ಧ ಗಂಟೆಯ ವಿಹಾರವೇ ಇರಲಿ, ಹತ್ತುವ ಮೊದಲು ನಾಲ್ಕು ಪ್ರಶ್ನೆ ಕೇಳಿರಿ. ದೋಣಿಗೆ ಪರವಾನಗಿ ಇದೆಯೇ? ಎಷ್ಟು ಜನರಿಗೆ ಅನುಮತಿಯಿದೆ, ಈಗ ಎಷ್ಟು ಜನರಿದ್ದಾರೆ? ಮಕ್ಕಳ ಅಳತೆಯದೂ ಸೇರಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ? ಇಂದಿನ ಹವಾಮಾನದ ಮುನ್ಸೂಚನೆ ಏನು? ಸರಿಯಾದ ಉತ್ತರ ಬರದಿದ್ದರೆ ಕೊಟ್ಟ ಹಣ ಹೋದರೂ ಚಿಂತೆಯಿಲ್ಲ, ದಡದಲ್ಲೇ ನಿಲ್ಲಿರಿ.

ಬೆಟ್ಟದವರಿಗೆ ಕಡಲೇಕೆ ಎಂದವನಿಗೂ ಒಂದು ಉತ್ತರವಿದೆ. ಘಾಟಿಯ ಕೆಳಗಿನ ಕೋಳಿಕ್ಕೋಡಿನವರಾದ ನೌಕಾಪಡೆಯ ಅಧಿಕಾರಿ ದಿಲ್ನಾ ಕೆ. ಅವರೂ ಪುದುಚೇರಿಯ ರೂಪಾ ಎ. ಅವರೂ ‘ತಾರಿಣಿ’ ಎಂಬ 56 ಅಡಿಯ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು, ಭೂಮಿಯನ್ನು ಸುತ್ತಿ, 2025ರ ಮೇ 29ರಂದು ಮರಳಿದರು. ದೋಣಿಯಲ್ಲಿದ್ದವರು ಇಬ್ಬರೇ. ಸಾಗಿದ ದೂರ 25,000 ನಾಟಿಕಲ್ ಮೈಲಿಗೂ ಹೆಚ್ಚು. ಅದರ ಹಿಂದೆ ವರ್ಷಗಳ ಅಭ್ಯಾಸವಿತ್ತು.

ಇದನ್ನೆಲ್ಲ ನಾನು ಆ ತಾಯಿಗೆ ಹೇಳಿ, ಭಯಪಟ್ಟು ದೂರವಿಡುವುದಕ್ಕಿಂತ ಮಗಳಿಗೆ ಮೊದಲು ಈಜು ಕಲಿಸಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಲಿಸುವವರು ಇಲ್ಲಿ ಯಾರಿದ್ದಾರೆ ಟೀಚರೇ?” ಎಂದು ಕೇಳಿದರು. ಆ ಪ್ರಶ್ನೆಗೆ ನಾನೊಬ್ಬಳೇ ಉತ್ತರ ಕೊಡಲಾರೆ. ಮುಂದಿನ ರಕ್ಷಕ–ಶಿಕ್ಷಕರ ಸಭೆಯಲ್ಲಿ ಅದನ್ನು ಎಲ್ಲರ ಮುಂದೆ ಇಡುತ್ತೇನೆ. ದಯವಿಟ್ಟು ಬನ್ನಿ.

ಅಭ್ಯಾಸ

1. ಹಾಯಿದೋಣಿ ಗಾಳಿಗೆ ಎದುರಾಗಿ ಹೇಗೆ ಸಾಗುತ್ತದೆ? ಚಿತ್ರ ಬರೆದು ವಿವರಿಸಿರಿ.
2. ಗಂಟೆಗೆ 5 ನಾಟಿಕಲ್ ಮೈಲಿಯಂತೆ 6 ಗಂಟೆ ಸಾಗಿದರೆ ಎಷ್ಟು ಕಿಲೋಮೀಟರ್ ಆಗುತ್ತದೆ?
3. ನಿಮ್ಮ ಮನೆಯಲ್ಲಿ ಒಬ್ಬರಿಗೆ ದಿನಕ್ಕೆ ಎಷ್ಟು ಲೀಟರ್ ನೀರು ಬೇಕಾಗುತ್ತದೆ? ಒಂದು ದಿನ ಅಳೆದು ಬರೆಯಿರಿ.