ಗೀರು ಬಿದ್ದ ಕಾರು, ಹುಲಿಕಲ್ಲಿನ ಮಳೆ

ಹೋದ ಶ್ರಾವಣದಲ್ಲಿ ಬೆಂಗಳೂರಿನಿಂದ ಬಂದ ಅಣ್ಣನ ಮಗ ತನ್ನ ಕೆಂಪು ಮಸ್ಟಾಂಗ್ ಕಾರನ್ನು ಘಾಟಿ ರಸ್ತೆಯ ಬದಿಗೆ ನಿಲ್ಲಿಸಿ ಹುಲಿಕಲ್ಲಿನ ಚಂಡಿಕಾಂಬೆಗೆ ಕೈಮುಗಿಯಲು ಹೋಗಿದ್ದ. ತಿರುಗಿ ಬರುವಷ್ಟರಲ್ಲಿ ಯಾರೋ ಮೊಳೆ ಹಿಡಿದು ಮುಂದಿನ ಚಕ್ರದ ಮೇಲಿಂದ ಬಾಗಿಲ ಕೊನೆಯವರೆಗೆ ಒಂದೇ ಎಳೆತಕ್ಕೆ ಗೀರಿದ್ದರು. ಮಾಸ್ತಿಕಟ್ಟೆಯ ನಮ್ಮ ಅಂಗಳದಲ್ಲಿ ಇಳಿದವನ ಮುಖ ನೋಡಲಾಗಲಿಲ್ಲ. ‘ಸಾಲ ಮಾಡಿ ತಗೊಂಡಿದ್ದು ಚಿಕ್ಕಪ್ಪಾ’ ಎನ್ನುತ್ತಲೇ ಅಂಗಿಯ ತೋಳಿನಿಂದ ಗೀರು ಒರೆಸಲು ಹೋದ. ‘ಮುಟ್ಟಬೇಡ ಮಾರಾಯ’ ಎಂದು ಕೈ ಹಿಡಿದೆ.

ಹಾಗೆ ತಡೆದದ್ದಕ್ಕೆ ಕಾರಣವಿತ್ತು. ನಮ್ಮ ಕಡೆಯ ಕೆಮ್ಮಣ್ಣಿನ ಧೂಳಿನಲ್ಲಿ ಸಣ್ಣ ಹರಳುಗಳಿರುತ್ತವೆ. ಒಣಬಟ್ಟೆಯಲ್ಲಿ ಉಜ್ಜಿದರೆ ಒಂದು ಗೀರಿನ ಜಾಗದಲ್ಲಿ ನೂರು ತರಚು ಏಳುತ್ತವೆ. ಗೀರಿನ ಅಂಚಿನಲ್ಲಿ ಸುರುಳಿಯಾಗಿ ಎದ್ದ ಬಣ್ಣ ಪೊಲೀಸರಿಗೂ ವಿಮೆಯವರಿಗೂ ಸಾಕ್ಷಿ, ಅದೂ ಅಳಿಸಿಹೋಗುತ್ತದೆ. ಇಂಥದ್ದು ನಿಮ್ಮ ಕಾರಿಗಾದರೆ ಏನೇನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು ಎಂದು ಹೇಳಲು ಹೊರಟಿದ್ದೇನೆ. ಗೀರಿದವನ ಮೇಲಿನ ಸಿಟ್ಟನ್ನು ಎರಡು ದಿನ ಪಕ್ಕಕ್ಕಿಡಿ. ಮಲೆನಾಡಿನಲ್ಲಿ ಕಾರಿಗೆ ಅವನಿಗಿಂತ ದೊಡ್ಡ ಶತ್ರು ನೀರು.

ಮೊದಲು ಫೋಟೋ, ಆಮೇಲೆ ಫೋನು

ನಂಬರ್ ಪ್ಲೇಟ್ ಕಾಣುವ ಹಾಗೆ ಇಡೀ ಕಾರಿನದೊಂದು ಫೋಟೋ. ಗೀರಿನ ಪಕ್ಕ ಒಂದು ರೂಪಾಯಿ ನಾಣ್ಯ ಹಿಡಿದು ಹತ್ತಿರದಿಂದ ಇನ್ನೊಂದಷ್ಟು. ನಾಣ್ಯವಿದ್ದರೆ ಅಳತೆಗೆ ಬೇರೆ ಸಾಕ್ಷಿ ಬೇಡ. ನೇರವಾಗಿ ಬೆಳಕು ಬಿಟ್ಟರೆ ಆಳ ಕಾಣುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ತೆಗೆಯಿರಿ. ಕಾರು ನಿಂತಿದ್ದ ಜಾಗದ್ದೂ ಒಂದಿರಲಿ. ಎದುರಿನ ಅಂಗಡಿಗೆ ಸಿಸಿಟಿವಿ ಇದ್ದರೆ ಅದೇ ದಿನ ಕೇಳಿ, ಹಳೆಯ ದೃಶ್ಯಗಳ ಮೇಲೆ ಹೊಸವು ತಾವಾಗಿಯೇ ದಾಖಲಾಗುತ್ತ ಹೋಗುತ್ತವೆ.

ದೂರು ಕೊಡುವುದು ದಂಡ ಎಂದು ಬಹಳ ಜನ ಸುಮ್ಮನಾಗುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಬೇಕೆಂದೇ ಮಾಡಿದ ಇಂಥ ಹಾನಿಯನ್ನು ಅಪರಾಧ ಎನ್ನುತ್ತದೆ. ನಷ್ಟ 20,000 ರೂಪಾಯಿಗೆ ಕಡಿಮೆಯಿಲ್ಲದೆ ಒಂದು ಲಕ್ಷದೊಳಗಿದ್ದರೆ ಎರಡು ವರ್ಷದವರೆಗೆ, ಲಕ್ಷ ಮುಟ್ಟಿದರೆ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಶಿಕ್ಷೆ ನಷ್ಟದ ಮೊತ್ತದ ಮೇಲೆ ನಿಂತಿರುವುದರಿಂದ ಗ್ಯಾರೇಜಿನ ಅಂದಾಜು ಪಟ್ಟಿಯನ್ನು ದೂರಿನ ಜೊತೆ ಲಗತ್ತಿಸಿ.

ವಿಮೆ ಬರೀ ಥರ್ಡ್ ಪಾರ್ಟಿ ಆಗಿದ್ದರೆ ಇದಕ್ಕೆ ಕವಡೆ ಕಾಸೂ ಸಿಗದು. ಸ್ವಂತ ಹಾನಿಯ ಭಾಗವೂ ಇರುವ ಪಾಲಿಸಿಯಾದರೆ ದುಷ್ಕೃತ್ಯದ ಹಾನಿಗೆ ಪರಿಹಾರವಿದೆ. ಆದರೆ ಸರ್ವೇಯರ್ ನೋಡುವ ಮೊದಲು ಬಣ್ಣ ಹೊಡೆಸಬಾರದು. ಹಣ ಎಷ್ಟು ಬರುತ್ತದೆ ಎನ್ನುವಲ್ಲಿ ಹೆಚ್ಚಿನವರು ಎಡವುತ್ತಾರೆ. 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕೆ ಮೇಲ್ಪಟ್ಟದ್ದಕ್ಕೆ 2,000 ರೂಪಾಯಿ ಕಡ್ಡಾಯವಾಗಿ ನಿಮ್ಮ ಕೈಯಿಂದ ಹೋಗುತ್ತದೆ. ಸವಕಳಿ ಕಳೆಯದ ಜೀರೋ ಡೆಪ್ ಪಾಲಿಸಿ ಇಲ್ಲದಿದ್ದರೆ ಬಣ್ಣದ ಸಾಮಗ್ರಿಯ ಬೆಲೆಯಲ್ಲಿ ಅರ್ಧ ಕಡಿತ. ಬಿಲ್ಲಿನಲ್ಲಿ ಸಾಮಗ್ರಿ, ಕೂಲಿ ಬೇರೆ ಬೇರೆ ಬರೆಯದೆ ಒಟ್ಟಿಗೆ ಹಾಕಿದ್ದರೆ ಒಟ್ಟು ಮೊತ್ತದ ಶೇ. 25ನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಇದರ ಮೇಲೆ ನೋ ಕ್ಲೈಮ್ ಬೋನಸ್ ಲೆಕ್ಕ. ಐದು ವರ್ಷ ಕ್ಲೈಮ್ ಮಾಡದವರಿಗೆ ಮುಂದಿನ ಕಂತಿನ ಸ್ವಂತ ಹಾನಿಯ ಭಾಗದಲ್ಲಿ ಶೇ. 50 ರಿಯಾಯಿತಿ ಇರುತ್ತದೆ, ಒಂದು ಕ್ಲೈಮಿಗೆ ಅದು ಹೋಗಬಹುದು. ಒಂದು ಬಾಗಿಲ ಗೀರಿಗೆ ಕ್ಲೈಮ್ ಮಾಡಿದರೆ ಎಷ್ಟೋ ಸಲ ಗಿಟ್ಟುವುದಿಲ್ಲ. ಕಾಗದ ಪೆನ್ನು ಹಿಡಿದು ಕೂಡಿ ಕಳೆದು ನೋಡಿ.

ಗೀರಿನ ಆಳ

ಕಾರ್ಖಾನೆಯಿಂದ ಬಂದ ಕಾರಿನ ಬಣ್ಣವೆಲ್ಲ ಸೇರಿ ದಪ್ಪ ಸುಮಾರು 100ರಿಂದ 140 ಮೈಕ್ರಾನ್, ಎಂದರೆ ಎರಡು ತಲೆಗೂದಲನ್ನು ಒಂದರ ಮೇಲೊಂದು ಇಟ್ಟಷ್ಟು. ಇಷ್ಟರಲ್ಲೇ ನಾಲ್ಕು ಪದರ. ತಗಡಿಗೆ ಅಂಟಿ ತುಕ್ಕು ತಡೆಯುವ ತಳಪದರ, ಅದರ ಮೇಲೆ ಪ್ರೈಮರ್, ಆಮೇಲೆ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಹೊಳಪು ಕೊಡುವ ಕ್ಲಿಯರ್ ಕೋಟ್. ಬಣ್ಣದ ಪದರ ಬಹಳ ತೆಳು, 15ರಿಂದ 20 ಮೈಕ್ರಾನ್. ಕ್ಲಿಯರ್ ಕೋಟ್ 35ರಿಂದ 50.

ಶಾಂಪೂ ಹಾಕಿ ಕಾರು ತೊಳೆಯಿರಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಲು ಬರೀ ನೀರು. ತೊಳೆದ ಮೇಲೆ ಗೀರಿನ ಮೇಲೆ ನೀರು ಚಿಮುಕಿಸಿ. ಒದ್ದೆಯಾದಾಗ ಗೀರು ಮಾಯವಾಗಿ, ಒಣಗಿದಾಗ ಮತ್ತೆ ಕಂಡರೆ ಪೆಟ್ಟು ಕ್ಲಿಯರ್ ಕೋಟಿನಲ್ಲೇ ನಿಂತಿದೆ. ಬೆರಳುಗುರನ್ನು ಅಡ್ಡಕ್ಕೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಪಾಲಿಶಿನಿಂದ ಹೋಗುವ ಗೀರಲ್ಲ. ಒಳಗೆ ಬಿಳಿಯೋ ಬೂದಿಯೋ ಕಂಡರೆ ಪ್ರೈಮರ್ ತನಕ ಹೋಗಿದೆ. ಬೆಳ್ಳಗೆ ಮಿನುಗಿದರೆ ಲೋಹ ಬಯಲಾಗಿದೆ.

ಆ ಲೋಹ ಯಾವುದು? ಸ್ಪೋರ್ಟ್ಸ್ ಕಾರುಗಳಲ್ಲಿ ಈ ಪ್ರಶ್ನೆ ಬಹಳ ಮುಖ್ಯ. ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹಿಡಿದು ನೋಡಿದೆವು. ಬಾಗಿಲಿಗೆ ಹಿಡಿಯಿತು, ಮುಂದಿನ ಫೆಂಡರಿಗೆ ಹಿಡಿಯಲಿಲ್ಲ. ಆ ಕಾರಿನ ಬಾನೆಟ್ಟು, ಮುಂದಿನ ಫೆಂಡರ್ ಅಲ್ಯೂಮಿನಿಯಮ್ಮಿನವು. ಒಂದೇ ಮೊಳೆಯ ಗೀರು ಎರಡು ಲೋಹಗಳ ಮೇಲೆ ಹಾದಿತ್ತು, ಎರಡಕ್ಕೂ ಮದ್ದು ಬೇರೆ. ಅಲ್ಯೂಮಿನಿಯಮ್ಮಿಗೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಆದರೆ ಬಣ್ಣದ ಅಡಿಯಲ್ಲಿ ಕೊರೆತ ಬಿಳಿ ಪುಡಿಯಾಗಿ ತೆವಳುತ್ತದೆ. ಉಕ್ಕನ್ನು ಉಜ್ಜಿದ ಸ್ಯಾಂಡ್ ಪೇಪರಿನಿಂದ ಅದನ್ನು ಉಜ್ಜಬಾರದು, ಉಕ್ಕಿನ ಕಣಗಳು ಅದರಲ್ಲಿ ಹೂತು ಅಲ್ಲಿಂದಲೇ ಕೊರೆತ ಶುರುವಾಗುತ್ತದೆ. ಬೆಂಗಳೂರಿನ ಸ್ಯಾನ್ ಕಂಪನಿ ಹೊರತಂದಿದ್ದ ಎರಡು ಸೀಟಿನ ಸ್ಟಾರ್ಮ್ ಕಾರಿನ ಮೈ ಫೈಬರ್ ಗ್ಲಾಸಿನದು, 2001ರಲ್ಲಿ ಅಲ್ಲಿಂದಲೇ ಬಂದ ರೇವಾ ಕಾರಿನದು ಪ್ಲಾಸ್ಟಿಕ್ಕಿನದು. ಅಂಥ ಮೈಗೆ ತುಕ್ಕಿನ ಚಿಂತೆಯಿಲ್ಲ, ಅವಸರವೂ ಬೇಕಿಲ್ಲ.

ನೀರು ತಡೆಯುವುದು ಆ ದಿನದ್ದೇ ಕೆಲಸ

ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುವುದು ಹುಲಿಕಲ್ಲಿನ ಸುತ್ತ ಹೊಸತಲ್ಲ. ಪುನರ್ವಸು, ಪುಷ್ಯದ ದಿನಗಳಲ್ಲಿ ಅಟ್ಟದ ಮೇಲಿನ ಅಡಿಕೆಗೂ ಬೂಷ್ಟು ಬರುತ್ತದೆ. ಇಂಥ ಹವೆಯಲ್ಲಿ ಬಯಲಾದ ಉಕ್ಕು ರಾತ್ರಿ ಕಳೆಯುವುದರೊಳಗೆ ಕೆಂಪಗಾಗುತ್ತದೆ. ಹಾಗೆ ಹಿಡಿದ ತುಕ್ಕು ಗೀರಿನ ಗೆರೆಯಲ್ಲೇ ನಿಲ್ಲದೆ ಬಣ್ಣದ ಅಡಿಗೆ ನುಗ್ಗಿ, ಗುಳ್ಳೆ ಎಬ್ಬಿಸಿ, ನೂಲಿನಂಥ ಗೀರನ್ನು ಅಂಗೈ ಅಗಲದ ಗಾಯ ಮಾಡುತ್ತದೆ. ಅದಕ್ಕೇ ಅಂದವಾಗಿ ಬಣ್ಣ ಮಾಡುವುದು ತಿಂಗಳು ತಡವಾದರೂ ಪರವಾಗಿಲ್ಲ, ಲೋಹ ಮುಚ್ಚುವುದು ಮಾತ್ರ ನಾಳೆಗೆ ಬೇಡ. ವಿಮೆಯವರಿಗೆ ಮೊದಲೇ ಫೋನಿನಲ್ಲಿ ತಿಳಿಸಿ ಫೋಟೋ ಕಳಿಸಿ ಒಪ್ಪಿಗೆ ಪಡೆದರೆ ಈ ತಾತ್ಕಾಲಿಕ ಕೆಲಸಕ್ಕೆ ತಕರಾರು ಬರುವುದಿಲ್ಲ.

ನಾವು ಮಾಡಿದ್ದು ಹೀಗೆ. ಕಾರನ್ನು ಕೊಟ್ಟಿಗೆಯ ಮಾಡಿನಡಿ ತಂದು, ಗೀರಿನ ಉದ್ದಕ್ಕೂ ಹೇರ್ ಡ್ರೈಯರ್ ಬಿಸಿಗಾಳಿ ಬಿಟ್ಟೆವು. ಒಂದೇ ಕಡೆ ಹಿಡಿಯದೆ ಕೈ ಆಡಿಸುತ್ತಿರಬೇಕು. 600ನೇ ನಂಬರ್ ಪೇಪರನ್ನು ಮಡಚಿ, ಮಡಿಕೆಯ ಅಂಚಿನಿಂದ ಗೀರಿನ ಒಳಗೆ ಮಾತ್ರ ಎರಡು ಸಲ ಎಳೆದು, ಫೆಂಡರಿಗೆ ಹೊಸ ತುಂಡು ತೆಗೆದುಕೊಂಡೆವು. ಮೆಡಿಕಲ್ಲಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆವು. ಎಪಾಕ್ಸಿ ಪ್ರೈಮರ್ ಎರಡು ಲೋಹಕ್ಕೂ ಆಗುತ್ತದೆ. ಅದನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ಗೀರಿನ ಕಾಲುವೆಗೆ ಮಾತ್ರ ತುಂಬಿಸಿದೆವು. ಪ್ರೈಮರ್ ಸಿಗದ ಊರಿನಲ್ಲಿ ಉಗುರಿಗೆ ಹಚ್ಚುವ ಬಣ್ಣವಿಲ್ಲದ ಪಾಲಿಶ್ ಕೆಲವು ದಿನ ತಡೆಯುತ್ತದೆ, ಆದರೆ ಪೇಂಟರಿಗೆ ಹೇಳಲು ಮರೆಯಬೇಡಿ, ಅವರು ಅದನ್ನು ತೆಗೆದೇ ಮುಂದುವರಿಯಬೇಕು.

ಕೊಬ್ಬರಿ ಎಣ್ಣೆ ಸವರುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಎಣ್ಣೆ ಕುಡಿದ ಜಾಗದಲ್ಲಿ ಹೊಸ ಬಣ್ಣ ಕೂರದೆ ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ. ಸೆಲ್ಲೋ ಟೇಪೂ ಬೇಡ, ಒಳಗೆ ತೇವ ಕಟ್ಟಿಕೊಳ್ಳುತ್ತದೆ.

ತಡವಾಗಿ ಕಂಡು ಆಗಲೇ ತುಕ್ಕು ಹಿಡಿದಿದ್ದರೆ? ಮೊದಲು ಉಜ್ಜಿ ತೆಗೆಯಿರಿ, ಬೇರು ಉಳಿದಲ್ಲಿ ರಸ್ಟ್ ಕನ್ವರ್ಟರ್ ಹಚ್ಚಿ. ಅಡಿಕೆ ಸುಲಿಯುವ ಮನೆಯವರಿಗೆ ಇದರ ಗುಟ್ಟು ಗೊತ್ತು. ಹಸಿ ಅಡಿಕೆಯ ಚೊಗರು ತಾಗಿದ ಕತ್ತಿ ಕಪ್ಪಾಗುತ್ತದಲ್ಲ, ಚೊಗರಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು. ಹಲವು ಕನ್ವರ್ಟರುಗಳಲ್ಲಿರುವುದೂ ಟ್ಯಾನಿಕ್ ಆಮ್ಲವೇ, ಕೆಂಪು ತುಕ್ಕನ್ನು ಅಲುಗದ ಕಪ್ಪು ಪದರವಾಗಿಸುತ್ತದೆ. ಹಾಗೆಂದು ಮನೆಯ ಚೊಗರನ್ನು ಕಾರಿಗೆ ಹಚ್ಚಬೇಡಿ, ಅದಕ್ಕೆ ಹದವಿಲ್ಲ.

ಮೇಲುಗೀರಾದರೆ

ಉಗುರಿಗೆ ಸಿಗದ ಗೀರು ಮನೆಯಲ್ಲೇ ಹೋಗುತ್ತದೆ. 2000, ಆಮೇಲೆ 3000 ನಂಬರಿನ ವಾಟರ್ ಪೇಪರನ್ನು ಸೋಪಿನ ನೀರಲ್ಲಿ ನೆನೆಸಿ ಹಗುರವಾಗಿ ಉಜ್ಜಿ, ಬಳಿಕ ರಬ್ಬಿಂಗ್ ಕಾಂಪೌಂಡ್, ಕೊನೆಗೆ ಪಾಲಿಶ್. ಕ್ಲಿಯರ್ ಕೋಟನ್ನೇ ಸವೆಸುತ್ತಿದ್ದೀರಿ ಎಂಬುದು ಮನಸ್ಸಿನಲ್ಲಿರಲಿ. ಬಾಗಿಲ ಅಂಚು, ಮೈಯ ಏಣುಗಳಲ್ಲಿ ಅದು ಮೊದಲೇ ತೆಳು, ಅಲ್ಲಿ ಪೇಪರ್ ಬೇಡ. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೆ ಪಾಲಿಶ್ ಮುಟ್ಟಿಸಲೇಬಾರದು, ಉಜ್ಜಿದಲ್ಲಿ ಮಾತ್ರ ಮಿರುಗಿ ಆ ಕಲೆ ಉಳಿದುಬಿಡುತ್ತದೆ.

ಸ್ಪ್ರೇ ಪೇಂಟ್ ಎರಚಿದ್ದರೆ ಥಿನ್ನರ್ ಹಚ್ಚಬೇಡಿ, ಬಂಪರಿನ ಬಣ್ಣವೂ ಕಿತ್ತು ಬರುತ್ತದೆ. ಡಿಟೇಲಿಂಗ್ ಅಂಗಡಿಯಲ್ಲಿ ಸಿಗುವ ಕ್ಲೇ ಬಾರ್ ಒದ್ದೆ ಮಾಡಿ ಸವರಿ. ಬ್ರೇಕ್ ಆಯಿಲ್ ಸುರಿದಿದ್ದರೆ ಉಜ್ಜದೆ ಧಾರಾಳ ನೀರು ಹೊಯ್ಯಿರಿ, ಅದು ನೀರಿನಲ್ಲಿ ಕರಗುತ್ತದೆ, ಬಿಟ್ಟರೆ ಬಣ್ಣವನ್ನೇ ಕರಗಿಸುತ್ತದೆ.

ಆಳದ ಗೀರು, ಗ್ಯಾರೇಜಿನ ಕೆಲಸ

ಲೋಹ ಕಂಡ ಉದ್ದ ಗೀರನ್ನು ಮನೆಯಲ್ಲಿ ಸ್ಪ್ರೇ ಡಬ್ಬಿ ಹಿಡಿದು ಮುಗಿಸಲು ಹೋಗಬೇಡಿ. ಎರಡು ಡಬ್ಬಿ ಕಲಸಿ ಹೊಡೆಯುವ ಕ್ಲಿಯರ್ ಕೋಟಿನ ಗಟ್ಟಿಕಾರಕದಲ್ಲಿ ಐಸೊಸೈನೇಟ್ ಇರುತ್ತದೆ, ಅದರ ಮಂಜು ಎದೆಗಿಳಿದರೆ ಉಬ್ಬಸ ಅಂಟಿಕೊಳ್ಳಬಹುದು. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯದು. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆ ಬೇರೆ ಸದಾ ಉರಿಯುತ್ತಿರುತ್ತದೆ, ಥಿನ್ನರಿನ ಆವಿಗೆ ಒಂದು ಕಿಡಿ ಸಾಕು.

ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಒಯ್ದಾಗ ಮೊದಲು ಕೇಳಬೇಕಾದ್ದು ಪೇಂಟ್ ಬೂತ್ ಇದೆಯೇ ಎಂದು. ಮುಚ್ಚಿದ ಬೂತಿನಲ್ಲಿ ಬಣ್ಣವನ್ನು 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸುವವರಾದರೆ ಆಷಾಢದಲ್ಲೂ ಕೊಡಬಹುದು. ಬಯಲಲ್ಲಿ ಹೊಡೆಯುವವರಾದರೆ, ಎಷ್ಟೇ ಕೈಚಳಕದವರಾಗಿರಲಿ, ದೀಪಾವಳಿ ಕಳೆದು ಬಿಸಿಲು ಗಟ್ಟಿಯಾಗುವ ತನಕ ಕಾಯಿರಿ. ಗಾಳಿಯಲ್ಲಿ ತೇವ ಶೇ. 85 ದಾಟಿದರೆ ಬಣ್ಣದ ಮೇಲೆ ಹಾಲು ಚೆಲ್ಲಿದಂಥ ಮಬ್ಬು ಕೂರುತ್ತದೆ. ಬೆಳಗಿನ ಇಬ್ಬನಿಯೂ ಅಷ್ಟೇ ಕೆಟ್ಟದ್ದು. ಚಳಿಗಾಲದಲ್ಲಿ ಹತ್ತು ಗಂಟೆಯ ಮೇಲೆ ಶುರುಮಾಡಿ ಮೂರರೊಳಗೆ ಮುಗಿಸಬೇಕು.

ಪುಟ್ಟಿಯ ಮೇಲೆ ಕಣ್ಣಿಡಿ. ಅದು ಸ್ಪಂಜಿನ ಹಾಗೆ ನೀರು ಹೀರುತ್ತದೆ. ಪುಟ್ಟಿಯನ್ನು ಒಣದಾಗಿಯೇ ಉಜ್ಜಿ ಅದೇ ದಿನ ಪ್ರೈಮರಿನಿಂದ ಮುಚ್ಚಬೇಕು. ಪುಟ್ಟಿ ಹಾಕಿದ ಕಾರನ್ನು ರಾತ್ರಿಯೆಲ್ಲ ಹೊರಗೆ ನಿಲ್ಲಿಸಿದರೆ ಆ ಕೆಲಸ ಮುಂದಿನ ಮಳೆಗಾಲಕ್ಕೆ ಗುಳ್ಳೆಯಾಗಿ ಏಳುತ್ತದೆ. ಬರೀ ಮೊಳೆಗೀರಿಗೆ, ತಗಡು ತಗ್ಗಾಗದಿದ್ದರೆ, ಪುಟ್ಟಿಯೇ ಬೇಕಾಗುವುದಿಲ್ಲ. ಅಂಚುಗಳನ್ನು 400, 600ರಲ್ಲಿ ಇಳಿಜಾರಾಗಿ ಉಜ್ಜಿ, ಎಪಾಕ್ಸಿ, ಪ್ರೈಮರ್ ಸರ್ಫೇಸರ್ ಹೊಡೆದರೆ ಸಮವಾಗುತ್ತದೆ. ಮೇಲೆ ಎರಡು ಮೂರು ತೆಳು ಕೈ ಬಣ್ಣ, ಪ್ರತಿ ಕೈಗೂ ನಡುವೆ ಹತ್ತು ಹದಿನೈದು ನಿಮಿಷ ಬಿಡುವು, ಆಮೇಲೆ ಎರಡು ಕೈ ಕ್ಲಿಯರ್.

ಬಣ್ಣದ ಕೋಡು ಚಾಲಕನ ಬಾಗಿಲ ಕಂಬದ ಮೇಲೋ ಬಾನೆಟ್ಟಿನ ಒಳಗೋ ಚೀಟಿಯಲ್ಲಿರುತ್ತದೆ. ಆದರೆ ಕೋಡು ಒಂದೇ ಆದರೂ ನಾಲ್ಕು ಬೇಸಿಗೆ ಕಂಡ ಬಣ್ಣ ಹೊಸದಕ್ಕೆ ಹೊಂದುವುದಿಲ್ಲ. ಒಂದು ತುಂಡಿಗೆ ಪರೀಕ್ಷೆಗೆ ಹೊಡೆದು ಬಿಸಿಲಿನಲ್ಲಿ ಕಾರಿನ ಪಕ್ಕ ಹಿಡಿದು ನೋಡಲು ಹೇಳಿ. ಮೆಟಾಲಿಕ್ ಬಣ್ಣಕ್ಕೆ ಗೀರಿನಷ್ಟೇ ಜಾಗಕ್ಕೆ ತೇಪೆ ಹಾಕಲು ಒಪ್ಪಬೇಡಿ. ಇಡೀ ಬಾಗಿಲಿಗೆ ಹೊಡೆದು, ಪಕ್ಕದ ಭಾಗದೊಳಕ್ಕೆ ಬಣ್ಣವನ್ನು ತೆಳುವಾಗಿಸುತ್ತ ಬೆರೆಸಿದರೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಹುಡುಗ ತನ್ನ ಕಾರಿಗೆ ಬೆಂಗಳೂರಿನಲ್ಲಿ ಹೀಗೆಯೇ ಮಾಡಿಸಿದ.

ಕಾರು ಬಿಡಿಸಿಕೊಳ್ಳಲು ಸಂಜೆ ಹೋಗಬೇಡಿ. ಹಗಲಲ್ಲಿ ನಾಲ್ಕು ದಿಕ್ಕಿನಿಂದ ನೋಡಿ. ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗು, ಸಿಕ್ಕಿದ ಧೂಳು, ಬಾಗಿಲ ರಬ್ಬರಿಗೆ ಹಾರಿದ ಬಣ್ಣ ಇದ್ದರೆ ಅಲ್ಲೇ ತೋರಿಸಿ. ಮೊದಲ ಒಂದು ತಿಂಗಳು ವ್ಯಾಕ್ಸ್ ಬೇಡ, ಒಳಗಿನ ಥಿನ್ನರ್ ಪೂರ್ತಿ ಆರಬೇಕು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಕಾರು ದೂರವಿರಲಿ. ಸೆರಾಮಿಕ್ ಕೋಟಿಂಗ್ ಮೊಳೆಯನ್ನು ತಡೆಯದು. ತಡೆಯುವುದಿದ್ದರೆ ಬಣ್ಣದ ರಕ್ಷಣೆಗೆ ಅಂಟಿಸುವ ದಪ್ಪ ಫಿಲ್ಮು (ಪಿಪಿಎಫ್) ಮಾತ್ರ, ಅದನ್ನೂ ಹೊಸ ಬಣ್ಣ ಪೂರ್ತಿ ಆರಿದ ಮೇಲೆ ಅಂಟಿಸಬೇಕು.

ಬರುವಾಗ ಕಲಸಿ ಉಳಿದ ಬಣ್ಣವನ್ನು ಗಟ್ಟಿಕಾರಕ ಸೇರಿಸುವ ಮೊದಲೇ ಒಂದು ಚಿಕ್ಕ ಗಾಜಿನ ಶೀಶೆಗೆ ಕತ್ತಿನ ತನಕ ತುಂಬಿಸಿಕೊಂಡು, ಕೋಡು, ತಾರೀಕು ಬರೆದ ಚೀಟಿ ಅಂಟಿಸಿ ಇಟ್ಟುಕೊಳ್ಳಿ. ನಮ್ಮ ಹುಡುಗನ ಶೀಶೆ ಮಾಸ್ತಿಕಟ್ಟೆಯ ಮನೆಯ ಗೂಡಿನಲ್ಲಿದೆ.