ಸೆಟ್ ಬದಲಿಸುವ ಮೊದಲು ವೈರ್ ನೋಡಿ

ಮಲ್ಪೆ ಬಂದರಿನಲ್ಲಿ ಬೋಟುಗಳಿಗೆ ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್ ಕೂರಿಸುವುದು ನನ್ನ ಕಸುಬು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವ 61 ದಿನಗಳೇ ನನಗೆ ಸುಗ್ಗಿ. ಉಳಿದ ಕಾಲದಲ್ಲಿ ಬರುವ ಫೋನು ಹೆಚ್ಚುಕಮ್ಮಿ ಒಂದೇ ಥರದ್ದು: "ಸೆಟ್ ಹೋಗಿದೆ ಮಾರಾಯ್ರೆ, ಹೊಸತಿಗೆ ಎಷ್ಟಾಗ್ತದೆ?" ಹೋಗಿ ನೋಡಿದರೆ ಸೆಟ್ ಬಹುಪಾಲು ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಅದಕ್ಕೆ ಕರೆಂಟ್ ತರುವ ವೈರ್, ಇಲ್ಲವೇ ಆಂಟೆನಾ ಕೇಬಲ್, ಇಲ್ಲವೇ ಕೂರಿಸಿದ ಜಾಗ.

ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಜಿಪಿಎಸ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ ಎಂಬುದು ಸಾಮಾನ್ಯ ದೂರು. ಸ್ಟಾರ್ಟರ್ ಮೋಟಾರ್ ಕರೆಂಟ್ ಎಳೆಯುವ ಆ ಕ್ಷಣ 12 ವೋಲ್ಟಿನ ಬ್ಯಾಟರಿ 10ರ ಕೆಳಗೆ ಇಳಿಯುವುದುಂಟು. ಅದಕ್ಕೇ ನಾನು ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿಯುವುದಿಲ್ಲ, ಸೆಟ್ಟಿನ ಹಿಂದಿನ ಪಿನ್ನಿಗೆ ಹಿಡಿದು ಎಂಜಿನ್ ತಿರುಗಿಸಲು ಹೇಳುತ್ತೇನೆ. ಬ್ಯಾಟರಿಯಲ್ಲಿ ಸರಿಯಾಗಿರುವ ವೋಲ್ಟ್ ಇಲ್ಲಿ ಕಡಿಮೆ ಬಂದರೆ ದಾರಿಯಲ್ಲಿ ಎಲ್ಲೋ ಸೋರುತ್ತಿದೆ ಎಂದರ್ಥ. ದಾರಿಗಾಣಿಸುವ ಉಪಕರಣಗಳಿಗೆ ಬೇರೆ ಬ್ಯಾಟರಿ ಇದ್ದರೆ ಒಳ್ಳೆಯದು. ಆಗದಿದ್ದರೆ ಬ್ಯಾಟರಿಯಿಂದಲೇ ಪ್ರತ್ಯೇಕ ಲೈನ್ ಎಳೆಯಬೇಕು. ಬಲ್ಬ್, ಬಿಲ್ಜ್ ಪಂಪಿನ ಲೈನಿಗೆ ಗಂಟು ಹಾಕಬಾರದು.

ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪಕ್ಕದಲ್ಲಿ. ಅನೇಕರು ಕೈಗೆ ಸಿಗಲೆಂದು ಸೆಟ್ಟಿನ ಹತ್ತಿರ ಹಾಕಿಸುತ್ತಾರೆ. ಫ್ಯೂಸ್ ಕಾಯುವುದು ತನ್ನಿಂದ ಮುಂದಿನ ವೈರನ್ನು ಮಾತ್ರ. ಎಂಜಿನ್ ರೂಮಿನಲ್ಲಿ ವೈರ್ ಉಜ್ಜಿ ಶಾರ್ಟ್ ಆದರೆ ಮೇಲೆ ಕ್ಯಾಬಿನ್ನಿನಲ್ಲಿರುವ ಫ್ಯೂಸಿಗೆ ಸುದ್ದಿಯೂ ಮುಟ್ಟುವುದಿಲ್ಲ. ಬೆಂಕಿ ಡೀಸೆಲ್ ಪಕ್ಕದಲ್ಲಿ ಹತ್ತುತ್ತದೆ.

ವೈರಿನ ಒಳಗೆ ಉಪ್ಪು ಹೇಗೆ ಸಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡರೇ ನಂಬಿಕೆ ಬರುವುದು. ಕಟ್ಟಡಕ್ಕೆ ಹಾಕುವ ಸಾದಾ ವೈರ್ ಹಾಕಿದ ಬೋಟಿನಲ್ಲಿ ಜಾಯಿಂಟಿನ ಟೇಪ್ ಬಿಚ್ಚಿ ನೋಡಿ. ತುದಿ ಹಸಿರು ಪುಡಿಯಾಗಿರುತ್ತದೆ. ಅಲ್ಲಿಂದ ಒಂದು ಗೇಣು ಹಿಂದೆ ಸಿಪ್ಪೆ ಸುಲಿದರೂ ತಾಮ್ರ ಕಪ್ಪಗೇ ಇರುತ್ತದೆ. ಸೋಲ್ಡರ್ ಇಟ್ಟರೆ ಹಿಡಿಯುವುದಿಲ್ಲ. ತವರ ಲೇಪಿಸಿದ ಎಳೆಗಳ ಮೆರೈನ್ ವೈರ್ ದುಬಾರಿ ನಿಜ, ಆದರೆ ಬಾಳಿಕೆ ಬರುವುದು ಅದೇ. ಎಳೆಗಳನ್ನು ಹೊಸೆದು ಟೇಪ್ ಸುತ್ತುವ ಬದಲು ಕ್ರಿಂಪ್ ಮಾಡಿ, ಅಂಟು ಇರುವ ಹೀಟ್ ಶ್ರಿಂಕ್ ಹಾಕಿಸಿ. ಕೇಬಲ್ ಸೆಟ್ಟಿಗೆ ಸೇರುವ ಮೊದಲು ಒಮ್ಮೆ ಕೆಳಕ್ಕೆ ಬಾಗಿ ಮೇಲೇರಲಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಜಿಪಿಎಸ್ ಆಂಟೆನಾಕ್ಕೆ ಬೇಕಾದದ್ದು ತೆರೆದ ಆಕಾಶ, ಎತ್ತರವಲ್ಲ. ಮಾಸ್ಟಿನ ತುದಿಗೇರಿಸಿದರೆ ಬೋಟ್ ಹೊಯ್ದಾಡಿದಂತೆ ಅದೂ ಆಡಿ, ದಿಕ್ಕು, ವೇಗದ ಅಂಕಿಗಳು ಕುಣಿಯುತ್ತವೆ. ವೈರ್‌ಲೆಸ್ ಆಂಟೆನಾ ಮಾತ್ರ ಎಷ್ಟು ಮೇಲಿದ್ದರೆ ಅಷ್ಟು ದೂರ ಕೇಳುತ್ತದೆ. ಎಲ್‌ಇಡಿ ದೀಪಗಳು ಇನ್ನೊಂದು ತಲೆನೋವು. ಅಗ್ಗದ ಕೆಲವು ಎಲ್‌ಇಡಿಗಳು ರೇಡಿಯೋಗೆ ಅಡ್ಡಿ ಮಾಡುತ್ತವೆ. 2018ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತ್ತು. ಪರೀಕ್ಷೆ ಸುಲಭ. ವೈರ್‌ಲೆಸ್ಸಿನಲ್ಲಿ ಖಾಲಿ ಚಾನೆಲ್ ಹಿಡಿದು, ಸ್ಕ್ವೆಲ್ಚನ್ನು ಗೊರಗೊರ ನಿಲ್ಲುವಷ್ಟೇ ತಿರುಗಿಸಿ, ದೀಪಗಳನ್ನು ಒಂದೊಂದಾಗಿ ಹಾಕಿ. ಯಾವುದಕ್ಕೆ ಗೊರಗೊರ ಮರಳುತ್ತದೋ ಆ ದೀಪವನ್ನು ಕಿತ್ತುಹಾಕಿ.

ಇದೇ ಪರೀಕ್ಷೆಯನ್ನು ದಿಕ್ಸೂಚಿಗೂ ಮಾಡಿ. ಸ್ಪೀಕರಿನ ಅಯಸ್ಕಾಂತ, ಪಕ್ಕದಲ್ಲಿ ಹಾದುಹೋಗುವ ಬ್ಯಾಟರಿ ವೈರ್, ಮೇಲಿಟ್ಟ ಮೊಬೈಲ್ ಎಲ್ಲವೂ ಮುಳ್ಳನ್ನು ಎಳೆಯುತ್ತವೆ. ಒಂದೊಂದೇ ಸ್ವಿಚ್ ಹಾಕುತ್ತಾ ನೋಡಿ, ಮುಳ್ಳು ಅಲುಗಿದರೆ ಆ ಉಪಕರಣವನ್ನು ದೂರ ಸರಿಸಿ. ಪ್ಲಸ್, ಮೈನಸ್ ವೈರುಗಳನ್ನು ಒಟ್ಟಿಗೆ ಹೊಸೆದು ಒಯ್ದರೆ ಎಳೆತ ತೀರಾ ಕಡಿಮೆಯಾಗುತ್ತದೆ. ಕರೆಂಟೇ ಹೋದ ರಾತ್ರಿ ನಿಮ್ಮ ಕೈಗೆ ಉಳಿಯುವುದು ಈ ದಿಕ್ಸೂಚಿಯೊಂದೇ.

ಕೂರಿಸಿದ್ದು ಎಷ್ಟೇ ಚೆನ್ನಾಗಿದ್ದರೂ ಬಳಸುವಾಗ ಎಡವಬಹುದು. ತಾಂಡೇಲರೊಬ್ಬರು ಬಲೆ ಸಿಕ್ಕಿಬಿದ್ದ ಕಲ್ಲಿನ ಜಾಗವನ್ನು ಇನ್ನೊಂದು ಬೋಟಿಗೆ ವೈರ್‌ಲೆಸ್ಸಿನಲ್ಲಿ ಹೇಳಿದರು ಎನ್ನಿ: "13 ಡಿಗ್ರಿ 21 ಪಾಯಿಂಟ್ 50." ಕೇಳಿಸಿಕೊಂಡವರ ಸೆಟ್ಟು ಸೆಕೆಂಡಿನ ಲೆಕ್ಕದಲ್ಲಿದ್ದರೆ 21 ಮಿನಿಟ್ 50 ಸೆಕೆಂಡ್ ಎಂದು ಒತ್ತುತ್ತಾರೆ. 21.50 ಮಿನಿಟ್ ಎಂದರೆ ನಿಜಕ್ಕೆ 21 ಮಿನಿಟ್ 30 ಸೆಕೆಂಡ್. ಅಕ್ಷಾಂಶದ ಒಂದು ಮಿನಿಟಿಗೆ ಸುಮಾರು 1,852 ಮೀಟರ್ ಆದ್ದರಿಂದ ಈ 20 ಸೆಕೆಂಡಿನ ವ್ಯತ್ಯಾಸ 600 ಮೀಟರ್ ದಾಟುತ್ತದೆ. ಕಲ್ಲನ್ನು ತಪ್ಪಿಸಿದೆವು ಎಂದುಕೊಂಡು ಅದರ ಮೇಲೆಯೇ ಬಲೆ ಎಳೆಯಬಹುದು. ಗುಂಪಿನ ಬೋಟುಗಳೆಲ್ಲ ಒಂದೇ ಲೆಕ್ಕ ಇಟ್ಟುಕೊಳ್ಳಬೇಕು.

ಪರದೆಯ ನಕ್ಷೆಗೆ ಮಳೆಗಾಲ ಗೊತ್ತಿಲ್ಲ. ಅಳಿವೆಯಲ್ಲಿ ಹೂಳು ಜಾಗ ಬದಲಿಸುತ್ತದೆ. ಹೋದ ವರ್ಷದ ಟ್ರ್ಯಾಕ್ ಹಿಡಿದು ಕಣ್ಣುಮುಚ್ಚಿ ಒಳಬರಬೇಡಿ, ಆಳ ನೋಡುತ್ತಾ ಬನ್ನಿ. ಎಐಎಸ್ ಪರದೆಯಲ್ಲಿ ಕಾಣುವುದೂ ಸಿಗ್ನಲ್ ಕಳಿಸುವವರು ಮಾತ್ರ. ದೀಪವಿಲ್ಲದ ನಾಡದೋಣಿ ಅಲ್ಲಿ ಇರುವುದಿಲ್ಲ.

ಕಾಣೆಯಾದ ಬೋಟನ್ನು ಹುಡುಕಲು ಎಷ್ಟು ಕಾಲ ಹಿಡಿಯಬಹುದು ಎಂಬುದನ್ನು ಮಲ್ಪೆ ಕಂಡಿದೆ. 2018ರ ಡಿಸೆಂಬರ್‌ನಲ್ಲಿ ಏಳು ಮಂದಿಯೊಂದಿಗೆ ಇಲ್ಲಿಂದ ಹೊರಟ 'ಸುವರ್ಣ ತ್ರಿಭುಜ'ದ ಅವಶೇಷ ಮಹಾರಾಷ್ಟ್ರದ ಮಾಲ್ವಣ ಬಳಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕ ಕೇಂದ್ರದ ಯೋಜನೆಯಲ್ಲಿ ಒಂದು ಲಕ್ಷ ಬೋಟುಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್ ಉಚಿತ. ಮೊಬೈಲ್ ಸಿಗದ ಕಡೆಯಲ್ಲೂ ಉಪಗ್ರಹದ ಮೂಲಕ ಸಂದೇಶ ಹೋಗುತ್ತದೆ. ಮೀನಿನ ಜಾಗ ಬೇರೆಯವರಿಗೆ ತಿಳಿದೀತೆಂದು ಅದನ್ನು ಆಫ್ ಮಾಡುವವರಿದ್ದಾರೆ. ಹಾಗೆ ಮಾಡಬೇಡಿ.

ಆಗಸ್ಟ್‌ನಲ್ಲಿ ಕಡಲಿಗಿಳಿಯುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಯಾವ ವೈರ್ ಎಲ್ಲಿಂದ ಎಲ್ಲಿಗೆ, ಯಾವ ಫ್ಯೂಸ್ ಎಷ್ಟು ಆಂಪಿಯರ್ ಎಂದು ಒಂದು ಹಾಳೆಯಲ್ಲಿ ಬರೆಸಿ ಕ್ಯಾಬಿನ್ನಿನಲ್ಲಿ ಅಂಟಿಸಿ. ಅದರ ಕೆಳಗೆ ತುರ್ತು ಕರೆಯ ಚಾನೆಲ್ 16, ಕೋಸ್ಟ್ ಗಾರ್ಡಿನ 1554 ಎರಡನ್ನೂ ದೊಡ್ಡದಾಗಿ ಬರೆಯಿರಿ. ತಾಂಡೇಲರಿಗಷ್ಟೇ ಅಲ್ಲ, ಅಡುಗೆಯ ಹುಡುಗನಿಗೂ ಅವನ್ನು ಬಳಸಲು ಕಲಿಸಿಕೊಡಿ.