ಹದಿನೇಳರ ಗೆರೆ: ನೆರೆರಾಷ್ಟ್ರಗಳ ಬಾಲಕರ ಪಂದ್ಯಾವಳಿಯನ್ನು ಆಧರಿಸಿದ ಪಾಠ

2023ರ ಜನವರಿಯಲ್ಲಿ ಕ್ಯಾಮರೂನ್ ದೇಶದ ಲಿಂಬೆ ಎಂಬ ಕಡಲತೀರದ ಪಟ್ಟಣದಲ್ಲಿ ಮಧ್ಯ ಆಫ್ರಿಕಾದ ನೆರೆರಾಷ್ಟ್ರಗಳ ನಡುವೆ ಹದಿನೇಳು ವರ್ಷದೊಳಗಿನ ಬಾಲಕರ ಕಾಲ್ಚೆಂಡಿನ ಪಂದ್ಯಾವಳಿ ಏರ್ಪಟ್ಟಿತ್ತು. ಅದೇ ವರ್ಷ ಅಲ್ಜೀರಿಯಾದಲ್ಲಿ ನಡೆಯಲಿದ್ದ ಖಂಡಮಟ್ಟದ ಪಂದ್ಯಾವಳಿಗೆ ಈ ಭಾಗದ ತಂಡಗಳನ್ನು ಆರಿಸುವುದು ಅದರ ಉದ್ದೇಶ. ಆಟ ಆರಂಭವಾಗುವ ಮೊದಲೇ ಆತಿಥೇಯ ದೇಶದ ಶಿಬಿರದಲ್ಲಿದ್ದ 30 ಆಟಗಾರರ ಪೈಕಿ 21 ಮಂದಿ ಹೊರಬಿದ್ದರು. ಅವರು ಸೋತಿರಲಿಲ್ಲ, ಗಾಯಗೊಂಡಿರಲಿಲ್ಲ. ಮಣಿಕಟ್ಟಿನ ಎಂ.ಆರ್.ಐ. ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಅಂದರೆ ಅವರ ಮೂಳೆ ಹೇಳಿದ ವಯಸ್ಸಿಗೂ ಕಾಗದ ಹೇಳಿದ ವಯಸ್ಸಿಗೂ ತಾಳೆಯಾಗಲಿಲ್ಲ. ಪರೀಕ್ಷೆಗೆ ಆದೇಶಿಸಿದವರು ಆ ದೇಶದ ಫುಟ್ಬಾಲ್ ಒಕ್ಕೂಟದ ಅಧ್ಯಕ್ಷರೂ ಒಂದು ಕಾಲದ ಜಗದ್ವಿಖ್ಯಾತ ಆಟಗಾರರೂ ಆದ ಸ್ಯಾಮುಯೆಲ್ ಎಟೊ. ಬೇರೆ ಬಾಲಕರನ್ನು ಸೇರಿಸಿಕೊಂಡು ತಂಡ ಕಟ್ಟಿದ ಕ್ಯಾಮರೂನ್ ಅಲ್ಜೀರಿಯಾಕ್ಕೆ ಅರ್ಹತೆಯನ್ನೂ ಪಡೆಯಿತು.

ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಎರಡು ಅವಧಿಗಳ ಪಾಠವಾಗಿ ಈ ಪ್ರಸಂಗವನ್ನು ಬಳಸಬಹುದು. ಮಡಕಶಿರ, ರಾಯದುರ್ಗ ಭಾಗದ ಶಾಲೆಗಳಲ್ಲಿ ಕಬಡ್ಡಿ, ಖೋ-ಖೋಗಳಿಗೆ ಇರುವಷ್ಟು ಬಳಕೆ ಕಾಲ್ಚೆಂಡಿಗೆ ಇಲ್ಲವೆಂಬುದು ನಿಜ. ಆದರೆ ಅನಂತಪುರದ ಆರ್.ಡಿ.ಟಿ. ಕ್ರೀಡಾಗ್ರಾಮದಲ್ಲಿ ಹಳ್ಳಿಯ ಮಕ್ಕಳು ಈ ಆಟವನ್ನು ಕಲಿಯುತ್ತಿರುವುದರಿಂದ ಅದು ತೀರ ದೂರದ ಸಂಗತಿಯೂ ಅಲ್ಲ. ಹಾಗೆ ನೋಡಿದರೆ ಪಾಠದ ತಿರುಳು ಚೆಂಡಿನಲ್ಲಿಲ್ಲ, ಜನ್ಮದಿನಾಂಕದಲ್ಲಿದೆ.

ಮೊದಲು ಭೂಪಟ. ಕ್ಯಾಮರೂನಿಗೆ ಆರು ನೆರೆದೇಶಗಳು: ನೈಜೀರಿಯಾ, ಚಾಡ್, ಮಧ್ಯ ಆಫ್ರಿಕಾ ಗಣರಾಜ್ಯ, ಕಾಂಗೊ, ಗಬಾನ್, ಈಕ್ವಟೋರಿಯಲ್ ಗಿನಿ. ಇವುಗಳ ಗಡಿಗಳನ್ನು ಎಳೆದವರು ಅಲ್ಲಿಯ ಜನರಲ್ಲ, ಯೂರೋಪಿನ ವಸಾಹತುಗಾರರು. ಒಂದೇ ನುಡಿಯವರು ಗೆರೆಯ ಎರಡು ಬದಿಗಳಲ್ಲಿ ಉಳಿದರು. ಕ್ಯಾಮರೂನಿನಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಎರಡೂ ಆಡಳಿತ ಭಾಷೆಗಳು. ಲಿಂಬೆ ಇರುವುದು ಇಂಗ್ಲಿಷ್ ಬಳಸುವ ಭಾಗದಲ್ಲಿ. ಇದನ್ನು ನಮ್ಮ ಮಕ್ಕಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೂ ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಆಂಧ್ರಕ್ಕೂ ಸೇರಿದ ಸಂಗತಿಯನ್ನು ಹೇಳಿದರೆ ಸಾಕು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ಬದುಕನ್ನು ಬಲ್ಲ ಮಗು ಲಿಂಬೆಯ ಮಗುವನ್ನು ಬೇಗ ಅರ್ಥಮಾಡಿಕೊಳ್ಳುತ್ತದೆ.

ಅನಂತರ ಲೆಕ್ಕ. ‘ಹದಿನೇಳರೊಳಗೆ’ ಎಂಬ ಮಾತನ್ನು ಮಕ್ಕಳು ಪಂದ್ಯದ ದಿನದ ವಯಸ್ಸೆಂದು ತಿಳಿಯುತ್ತಾರೆ. ಅದು ಹಾಗಲ್ಲ. 2023ರ ಹದಿನೇಳರೊಳಗಿನ ವಿಶ್ವಕಪ್ಪಿಗೆ 2006ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಮಾತ್ರ ಅರ್ಹರು. 2005ರ ಡಿಸೆಂಬರ್ 31ರ ರಾತ್ರಿ ಹನ್ನೊಂದಕ್ಕೆ ಹುಟ್ಟಿದ ಬಾಲಕ ಹೊರಗೆ. ಎರಡು ಗಂಟೆ ತಡವಾಗಿ ಹುಟ್ಟಿದವನು ಒಳಗೆ. ಇದು ನ್ಯಾಯವೇ ಎಂದು ತರಗತಿಯಲ್ಲಿ ಕೇಳಿದರೆ ಒಳ್ಳೆಯ ಚರ್ಚೆಯಾಗುತ್ತದೆ. ಜೊತೆಗೆ ಇನ್ನೊಂದು ಅಂಶವನ್ನು ಗಮನಕ್ಕೆ ತರಬೇಕು. ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನಲ್ಲಿ ಹುಟ್ಟಿದವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ಹಿರಿಯ. ಹದಿಮೂರು, ಹದಿನಾಲ್ಕರ ಪ್ರಾಯದಲ್ಲಿ ಒಂದು ವರ್ಷದ ಎತ್ತರ ಮತ್ತು ಬಲ ಸಣ್ಣ ವ್ಯತ್ಯಾಸವಲ್ಲ. ಅನೇಕ ದೇಶಗಳ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಕಾಣಿಸುತ್ತಾರೆಂದು ಅಧ್ಯಯನಗಳು ತೋರಿಸಿವೆ. ಶಾಲಾ ತಂಡವನ್ನು ಆರಿಸುವಾಗ ಎತ್ತರದ ಹುಡುಗನ ಮೇಲೆ ಮೊದಲು ಕಣ್ಣು ಬೀಳುವುದು ನಮ್ಮಲ್ಲಿಯೂ ಉಂಟು.

ವಿಜ್ಞಾನದ ಶಿಕ್ಷಕರು ಮುಂದಿನ ಭಾಗವನ್ನು ವಿಸ್ತರಿಸಬಹುದು. ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಬದಿಯ ಮೂಳೆಯ ತುದಿಯಲ್ಲಿ, ಮಣಿಕಟ್ಟಿನ ಹತ್ತಿರ, ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಬೆಳವಣಿಗೆ ಮುಗಿಯುತ್ತ ಬಂದಂತೆ ಆ ಪದರ ಗಟ್ಟಿಯಾಗಿ ಮೂಳೆಯಲ್ಲಿ ಬೆಸೆದುಹೋಗುತ್ತದೆ. ಈ ಬೆಸುಗೆಯನ್ನು ವೈದ್ಯರು ಆರು ಹಂತಗಳಲ್ಲಿ ಗುರುತಿಸುತ್ತಾರೆ. ಹದಿನೇಳು ತುಂಬದ ಬಾಲಕರಲ್ಲಿ ಆರನೆಯ ಹಂತ, ಎಂದರೆ ಪೂರ್ಣ ಬೆಸುಗೆ, ಕಾಣುವುದು ನೂರಕ್ಕೆ ಒಬ್ಬನಿಗಿಂತಲೂ ಕಡಿಮೆ. ಫಿಫಾ ಸಂಸ್ಥೆಯು 2009ರಲ್ಲಿ ನೈಜೀರಿಯಾದಲ್ಲಿ ನಡೆದ ಹದಿನೇಳರೊಳಗಿನ ವಿಶ್ವಕಪ್ಪಿನಲ್ಲಿ ಮೊದಲ ಬಾರಿಗೆ ಈ ಪರೀಕ್ಷೆಯನ್ನು ಜಾರಿಗೆ ತಂದಿತು. ಎಕ್ಸ್-ರೇ ಬದಲು ಎಂ.ಆರ್.ಐ. ಬಳಸಲು ಕಾರಣ, ಆರೋಗ್ಯವಂತ ಮಗುವನ್ನು ವಿಕಿರಣಕ್ಕೆ ಒಡ್ಡಬಾರದೆಂಬುದು. ಬಾಲಕಿಯರಲ್ಲಿ ಬೆಸುಗೆ ಬೇಗ ಮುಗಿಯುವುದರಿಂದ ಈ ಅಳತೆ ಅವರಿಗೆ ಹೊಂದುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂಳೆ ಹುಟ್ಟಿದ ದಿನಾಂಕವನ್ನು ಹೇಳುವುದಿಲ್ಲ. ಬೆಳವಣಿಗೆಯ ಹಂತವನ್ನಷ್ಟೇ ಹೇಳುತ್ತದೆ. ಅರೆಹೊಟ್ಟೆಯಲ್ಲಿ ಬೆಳೆದ ಹತ್ತೊಂಬತ್ತರ ಯುವಕನ ಮೂಳೆ ಇನ್ನೂ ಬೆಸೆಯದಿರಬಹುದು. ಬೇಗ ಬೆಳೆದ ಹದಿನಾರರವನು, ಅಪರೂಪಕ್ಕಾದರೂ, ತಪ್ಪಿತಸ್ಥನಂತೆ ಕಾಣಬಹುದು. ಇಷ್ಟು ದುಬಾರಿಯೂ ಅಪೂರ್ಣವೂ ಆದ ಪರೀಕ್ಷೆ ಏಕೆ ಬೇಕಾಯಿತು? ಕಾಗದವನ್ನು ನಂಬಲಾಗಲಿಲ್ಲ. 1989ರಲ್ಲಿ ಇದೇ ನೈಜೀರಿಯಾವನ್ನು ಫಿಫಾ ಎರಡು ವರ್ಷಗಳ ಕಾಲ ಕಿರಿಯರ ಪಂದ್ಯಗಳಿಂದ ಹೊರಗಿಟ್ಟಿತ್ತು. ಕೆಲವು ಆಟಗಾರರ ಜನ್ಮದಿನಾಂಕ ಒಂದು ಪಂದ್ಯಾವಳಿಯಲ್ಲಿ ಒಂದು ಬಗೆಯಾಗಿಯೂ ಇನ್ನೊಂದರಲ್ಲಿ ಬೇರೊಂದು ಬಗೆಯಾಗಿಯೂ ಇದ್ದವು. ಇಂತಹ ಪ್ರಸಂಗಗಳನ್ನು ಆಫ್ರಿಕಾದ ದೋಷವೆಂದು ಬೋಧಿಸುವುದು ದೊಡ್ಡ ತಪ್ಪಾದೀತು. ಭಾರತದ ಕಿರಿಯರ ಕ್ರಿಕೆಟ್ಟಿನಲ್ಲಿಯೂ ಮೂಳೆಯ ಪರೀಕ್ಷೆ ಜಾರಿಯಲ್ಲಿದೆ. ಅದಕ್ಕೂ ಕಾರಣ ಇದೇ.

ಕಾಗದ ಹುಟ್ಟುವುದು ಎಲ್ಲಿ? ಶಿಕ್ಷಕರು ಈ ಪ್ರಶ್ನೆಯನ್ನು ಮಕ್ಕಳಿಗಿಂತ ಮೊದಲು ತಮ್ಮನ್ನು ತಾವು ಕೇಳಿಕೊಳ್ಳಬೇಕು. ನಮ್ಮ ಹಳ್ಳಿಗಳ ಹಿರಿಯ ತಲೆಮಾರಿನವರಲ್ಲಿ ಎಷ್ಟೋ ಮಂದಿಯ ಹುಟ್ಟುಹಬ್ಬ ಜೂನ್ 1ಕ್ಕೇ ಬರುತ್ತದೆ. ಅಷ್ಟು ಮಕ್ಕಳು ಒಂದೇ ದಿನ ಹುಟ್ಟಿದವರಲ್ಲ. “ಜಾತ್ರೆ ಆದ ಮೇಲೆ, ಕಡಲೆಕಾಯಿ ಕೀಳುವ ಕಾಲಕ್ಕೆ ಸಾರ್” ಎಂದು ತಾಯಿ ಹೇಳಿದ್ದನ್ನು ಮೇಷ್ಟ್ರು ದಿನಾಂಕವಾಗಿ ಮಾರ್ಪಡಿಸಲಾರದೆ, ದಾಖಲಾತಿಗೆ ಬೇಕಾದ ವಯಸ್ಸು ತುಂಬುವಂತೆ ಬರೆದುಕೊಂಡರು. ಅದರಲ್ಲಿ ದುರುದ್ದೇಶವಿರಲಿಲ್ಲ, ಮಗು ಶಾಲೆಗೆ ಬರಲಿ ಎಂಬ ಕಾಳಜಿಯೇ ಇತ್ತು. ಆದರೆ ಆ ಒಂದು ಸಾಲು ವರ್ಗಾವಣೆ ಪತ್ರಕ್ಕೂ ಹತ್ತನೆಯ ತರಗತಿಯ ಪ್ರಮಾಣಪತ್ರಕ್ಕೂ ಅಲ್ಲಿಂದ ನೌಕರಿಗೂ ಹೋಯಿತು. ಮುಂದೆ ಮೈದಾನದಲ್ಲಿ ಮಣಿಕಟ್ಟು ನೀಡಬೇಕಾದವನು ಬರೆದವನಲ್ಲ, ಬರೆಸಿಕೊಂಡ ಹುಡುಗ. ಲಿಂಬೆಯಲ್ಲಿ ಹೊರಬಿದ್ದ ಬಾಲಕರಿಗೂ ಅವರ ಕಾಗದವನ್ನು ಬೇರೆ ಯಾರೋ ಬರೆದುಕೊಟ್ಟಿದ್ದರು. ಅದು ಕಣ್ತಪ್ಪೋ ಆಸೆಯೋ ಎಂಬುದನ್ನು ಮೂಳೆ ಹೇಳದು.

ಗಡಿಭಾಗದಲ್ಲಿ ತೊಡಕು ಇನ್ನೂ ಒಂದಿದೆ. ಶಿರಾ, ಪಾವಗಡ, ಮೊಳಕಾಲ್ಮೂರುಗಳ ಕಡೆಯಿಂದ ಅಜ್ಜಿಯ ಮನೆಗೆ ಬಂದು ಇಲ್ಲಿ ಶಾಲೆ ಸೇರುವ ಮಕ್ಕಳಿದ್ದಾರೆ. ಕೆಲಸ ಹುಡುಕಿ ಬೆಂಗಳೂರಿಗೆ ಹೋಗಿ ನಡುವರ್ಷದಲ್ಲಿ ಮರಳುವ ಕುಟುಂಬಗಳಿವೆ. ಒಂದು ದಾಖಲೆ ಕನ್ನಡದಲ್ಲಿ, ಇನ್ನೊಂದು ತೆಲುಗಿನಲ್ಲಿ, ಆಧಾರ್ ಇಂಗ್ಲಿಷಿನಲ್ಲಿ. ಒಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಇನ್ನೊಂದರಲ್ಲಿ ಮನೆತನದ ಹೆಸರು. ಹೀಗಿರುವಾಗ ದಿನಾಂಕವೂ ಬೇರೆಯಾದರೆ ಒಬ್ಬನೇ ಬಾಲಕ ಇಬ್ಬರಾಗಿ ಕಾಣುತ್ತಾನೆ. ಕ್ರೀಡಾಕೂಟದ ಪ್ರವೇಶಪತ್ರ ತುಂಬುವ ಹಿಂದಿನ ರಾತ್ರಿ ಇದನ್ನು ಸರಿಪಡಿಸಲಾಗುವುದಿಲ್ಲ.

ತರಗತಿಯಲ್ಲಿ ಈ ಪಾಠ ಮಾಡುವಾಗ ಶಾಲೆಯ ನಿಜವಾದ ದಾಖಲಾತಿ ಪುಸ್ತಕವನ್ನು ತೆರೆಯಕೂಡದು. ‘ನಿನ್ನ ವಯಸ್ಸು ಸುಳ್ಳು’ ಎಂದು ಮಕ್ಕಳು ಪರಸ್ಪರ ಹಂಗಿಸಿಕೊಳ್ಳುವುದಕ್ಕೆ ಅದು ದಾರಿಯಾಗುತ್ತದೆ. ಐದಾರು ಕಲ್ಪಿತ ಮಕ್ಕಳ ಜನ್ಮದಿನಾಂಕಗಳನ್ನು ಕರಿಹಲಗೆಯ ಮೇಲೆ ಬರೆದು, ಹದಿನಾಲ್ಕು, ಹದಿನೇಳು, ಹತ್ತೊಂಬತ್ತರ ಶಾಲಾ ವಿಭಾಗಗಳಲ್ಲಿ ಯಾರು ಎಲ್ಲಿ ಸೇರುವರೆಂದು ಲೆಕ್ಕ ಮಾಡಿಸಬೇಕು. ಎಣಿಕೆಯ ದಿನ ಯಾವುದೆಂಬುದನ್ನು ಆಯಾ ವರ್ಷದ ಸುತ್ತೋಲೆಯಿಂದಲೇ ಓದಿಸಬೇಕು. ಮನೆಗೆಲಸವಾಗಿ, ತಾವು ಹುಟ್ಟಿದ ದಿನ ಊರಿನಲ್ಲಿ ಏನು ನಡೆದಿತ್ತೆಂದು ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಹತ್ತು ಸಾಲು ಬರೆದು ತರಲಿ. ಭಾಷಾಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಪ್ರಬಂಧ ವಿಷಯ ಬೇಗ ದೊರೆಯದು.

ಇನ್ನು ದಾಖಲಾತಿಯ ಕಾಲದ ಮಾತು. ಜನನ ಪ್ರಮಾಣಪತ್ರವಿಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 14ನೆಯ ಕಲಮು ಹೇಳುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗಾದರೆ, ಜನನ ಮರಣ ನೋಂದಣಿ ಕಾಯಿದೆಯ ತಿದ್ದುಪಡಿಯ ಪ್ರಕಾರ, ಜನನ ಪ್ರಮಾಣಪತ್ರವೇ ಜನ್ಮದಿನಾಂಕಕ್ಕೆ ಆಧಾರ. ಆ ಮಕ್ಕಳು ಒಂದನೆಯ ತರಗತಿಗೆ ಬರಲು ಇನ್ನೂ ಕಾಲವಿದೆ. ಈಗ ಶಾಲೆಯಲ್ಲಿರುವವರು ಅದಕ್ಕಿಂತ ಮೊದಲು ಹುಟ್ಟಿದವರು. ಅವರ ವಿಷಯದಲ್ಲಿ ಆಸ್ಪತ್ರೆಯ ಚೀಟಿ, ಅಂಗನವಾಡಿಯ ಪುಸ್ತಕ, ತಾಯಿ ಕಾರ್ಡು ಇವುಗಳನ್ನು ತರಿಸಿ ನೋಡಿ, ಬರೆದ ದಿನಾಂಕವನ್ನು ತಾಯಿಯ ಎದುರಿಗೆ ಕನ್ನಡದಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ, ಅನಂತರ ಅವರ ಸಹಿ ಅಥವಾ ಹೆಬ್ಬೆಟ್ಟು ಪಡೆಯುವುದು ಒಳ್ಳೆಯ ಪದ್ಧತಿ. ವ್ಯತ್ಯಾಸ ಕಂಡರೆ ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರುಗಳ ಪಟ್ಟಿ ಹೋಗುವ ಮೊದಲೇ ತಿದ್ದುಪಡಿಗೆ ಅರ್ಜಿ ಹಾಕಿಸಬೇಕು. ಪ್ರಮಾಣಪತ್ರ ಅಚ್ಚಾದ ಮೇಲೆ ಆ ಕೆಲಸ ಬಹಳ ಕಷ್ಟ.